ಕಡೇ ನೀರು

ನಮ್ಮೂರಿನಲ್ಲಿ ಇಬ್ಬರು ಎದುರಾದರೆ ನಮಸ್ಕಾರ ಎನ್ನುವುದಿಲ್ಲ. ‘ಮನ್ಯಾಗ ಎಲ್ಲಾರೂ ಕರಿ ಅದಾರ?’ ಎಂದು ಒಬ್ಬರು ಕೇಳುತ್ತಾರೆ, ‘ಕರಿ ಅದಾರ್ರಿ’ ಎಂದು ಇನ್ನೊಬ್ಬರು ಹೇಳುತ್ತಾರೆ. ಅಷ್ಟಾದ ಮೇಲೆಯೇ ಬಿಸಿಲು, ಸೊಸೆ, ಮೊಣಕಾಲು ನೋವು. ಹೊರಗಿನವರು ಬರುವುದೇ ಅಪರೂಪ, ಬಂದವರು ಇದನ್ನು ಕೇಳಿ ಮೈಬಣ್ಣದ ವಿಚಾರವೆಂದುಕೊಂಡು ಮುಖ ಮುಖ ನೋಡುತ್ತಾರೆ. ಇದು ಮೈಬಣ್ಣದ ಮಾತಲ್ಲ, ಪಟದ ಮಾತು. ಮನುಷ್ಯ ಬದುಕಿರುವ ತನಕ ಅವನ ಪಟ ಗೋಡೆಯ ಮೇಲೆ ಕಪ್ಪು ಬಿಳುಪಾಗಿ ಇರುತ್ತದೆ. ಅವನು ಎಲ್ಲಿಯಾದರೂ ಸಾಯಲಿ, ಅದೇ ಹೊತ್ತಿಗೆ ಇಲ್ಲಿ ಪಟದ ಕಪ್ಪು ಇಳಿದು ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣದ ಹೆಸರನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ. ಆ ಬಣ್ಣದ ಸೀರೆಯನ್ನು ನಮ್ಮೂರ ಬಟ್ಟೆಯಂಗಡಿಯವರು ತರಿಸುವುದೂ ಇಲ್ಲ.

ಬೆಳಿಗ್ಗೆ ಎದ್ದವರು ಮೊದಲು ಗೋಡೆ ನೋಡುತ್ತಾರೆ, ಆಮೇಲೆ ಒಲೆ ಹಚ್ಚುತ್ತಾರೆ. ಕೆಲವು ಮುದುಕರು ತಮ್ಮದೇ ಪಟವನ್ನೂ ಒಮ್ಮೆ ನೋಡಿಕೊಳ್ಳುತ್ತಾರೆ, ಕರಿ ಇದೆ ಎಂದು ಖಾತ್ರಿಯಾದ ಮೇಲೆಯೇ ಚಹಾ ಕೇಳುತ್ತಾರೆ. ಕಾಗದ ಬರೆಯುವ ರೂಢಿ ನಮ್ಮಲ್ಲಿಲ್ಲ. ಪಟ ಇರುವಾಗ ಕಾಗದ ಯಾಕೆ? ಕಾಗದದಲ್ಲಾದರೆ ‘ನಾನು ಕ್ಷೇಮ’ ಎಂದು ಸುಳ್ಳು ಬರೆಯಬಹುದು.

ಊರಿನ ಸ್ಟುಡಿಯೋ ನನ್ನದು. ಹೆಸರು ನಿಜಗುಣಪ್ಪ. ಪಟ ತೆಗೆಯುವುದು ನನ್ನ ಅರ್ಧ ಕೆಲಸ, ಇನ್ನರ್ಧ ಬಣ್ಣ ಕಟ್ಟುವುದು. ಸಾವಿನ ಬಣ್ಣ ತಾನಾಗಿ ಬಂದಾಗ ನೆಟ್ಟಗೆ ಬರುವುದಿಲ್ಲ. ಕೆನ್ನೆ ಮಣ್ಣಾಗುತ್ತದೆ, ಕೂದಲು ಅರೆಗಪ್ಪಾಗಿ ಉಳಿಯುತ್ತದೆ, ಅಂಗಿಯ ಮೇಲೆ ಚಹಾ ಚೆಲ್ಲಿದ ಹಾಗೆ ಕಲೆ ಬೀಳುತ್ತದೆ. ಹಾಗೆಯೇ ಬಿಟ್ಟರೆ ಸತ್ತವರು ಅತ್ತಲೂ ಇಲ್ಲ ಇತ್ತಲೂ ಇಲ್ಲ ಎನ್ನುತ್ತಾರೆ. ಅದಕ್ಕೇ ಮನೆಯವರು ಪಟವನ್ನು ನನ್ನ ಹತ್ತಿರ ತರುತ್ತಾರೆ. ಮೊದಲು ಬ್ಲೀಚಿನ ಟ್ರೇಗೆ ಹಾಕಿ ಉಳಿದ ಕಪ್ಪನ್ನೆಲ್ಲ ತೆಗೆಯುತ್ತೇನೆ, ಮುಖ ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾಗುತ್ತದೆ. ಆಮೇಲೆ ಗಂಧಕದ ನೀರಿನ ಟ್ರೇ. ಅದರಲ್ಲಿ ಮುಖ ಮತ್ತೆ ಬರುತ್ತದೆ, ಈ ಸಲ ತುಂಬಿದ ಬಣ್ಣದಲ್ಲಿ, ಕಣ್ಣಿನ ಕೆಳಗಿನ ನೆರಳೂ ಸೆರಗಿನ ಮಡಿಕೆಯೂ ಬೇರೆ ಬೇರೆಯಾಗಿ ಕಾಣುವಷ್ಟು ಆಳವಾಗಿ. ಎಳೆ ವಯಸ್ಸಿನಲ್ಲಿ ಹೋದವರನ್ನು ಕೊನೆಗೆ ಒಮ್ಮೆ ಚಿನ್ನದ ನೀರಿನಲ್ಲಿ ಅದ್ದುವುದು ಪದ್ಧತಿ. ಅದರಿಂದ ಆ ಬಣ್ಣಕ್ಕೆ ಒಂದಿಷ್ಟು ಕೆಂಪು ಹತ್ತುತ್ತದೆ.

ಗಂಧಕದ ನೀರಿಗೆ ಕೊಳೆತ ತತ್ತಿಯ ನಾತ. ಬಾಗಿಲು ಎಷ್ಟು ಬಿಗಿಯಾಗಿ ಹಾಕಿದರೂ ಅದು ಓಣಿಗೆ ಹೋಗಿಯೇ ಹೋಗುತ್ತದೆ. ಆದರೆ ಆ ನಾತಕ್ಕೆ ನಮ್ಮೂರಿನಲ್ಲಿ ಯಾರೂ ಮೂಗು ಮುಚ್ಚಿಕೊಂಡವರಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು ಮನೆಗೊಂದರಂತೆ ಕೊಡ ನೀರು ತರುತ್ತಾರೆ. ಬಣ್ಣ ಕಟ್ಟಿದ ಪಟವನ್ನು ಓಣಿಯವರ ನೀರಿನಲ್ಲೇ ತೊಳೆಯಬೇಕು. ಅದಕ್ಕೆ ಕಡೇ ನೀರು ಎನ್ನುತ್ತೇವೆ. ಮನೆಯವರೇ ತಮ್ಮ ನೀರಿನಲ್ಲಿ ತೊಳೆದುಕೊಂಡರೆ ಅದು ದಿಕ್ಕಿಲ್ಲದವರ ಸಾವು. ನನ್ನ ಹೆಂಡತಿ ಶಾಂತವ್ವ ತೀರಿಕೊಂಡಾಗ ಕೊಡಗಳ ಸಾಲು ಚಹಾದಂಗಡಿಯನ್ನು ದಾಟಿ ಹೋಗಿತ್ತು. ಮೊದಲ ಕೊಡ ಎದುರುಮನೆಯ ಬಾಳವ್ವಕ್ಕನದು. ಆಕೆ ನೀರು ಸುರಿದು, ಒದ್ದೆ ಕೈಯಲ್ಲಿ ನನ್ನ ಮಗಳು ಅನಸಿಯ ತಲೆ ಸವರಿ, ‘ನಿಮ್ಮವ್ವ ಎಷ್ಟು ಚೆಂದ ಕಾಣಸ್ತಾಳ ನೋಡವ್ವ’ ಎಂದಿದ್ದಳು. ನಾನೂ ಈ ಓಣಿಯ ಎಲ್ಲ ಮನೆಗಳಿಗೆ ಕೊಡ ಹೊತ್ತವನೇ.

ಒಂದು ಕಟ್ಟುನಿಟ್ಟು ಮಾತ್ರ ಇತ್ತು. ಬದುಕಿರುವವರ ಪಟವನ್ನು ಪ್ರಿಂಟಾದ ಮೇಲೆ ಯಾವ ದ್ರಾವಣಕ್ಕೂ ಹಾಕಬಾರದು. ಹಾಕಿದರೆ ಅದು ಮುಂದೆಂದೂ ಬದಲಾಗುವುದಿಲ್ಲ, ಅವರು ಸತ್ತರೂ ಅದಕ್ಕೆ ಕಾಣುವುದಿಲ್ಲ. ಅಂಥದ್ದನ್ನು ಕುರುಡು ಪಟ ಎನ್ನುತ್ತಿದ್ದರು. ನನಗೆ ಕೆಲಸ ಕಲಿಸಿದ ಸೋದರಮಾವ ಸೆಲೆನಿಯಂ ಎಂಬ ದ್ರಾವಣದ ಒಂದು ಬಾಟಲಿ ಬಿಟ್ಟು ಹೋಗಿದ್ದ. ಅದು ಕಪ್ಪನ್ನು ಮಣ್ಣು ಮಾಡುವುದಿಲ್ಲ, ಇನ್ನಷ್ಟು ಕಪ್ಪು ಮಾಡುತ್ತದೆ, ಹಾಗೆಯೇ ಹಿಡಿದು ನಿಲ್ಲಿಸುತ್ತದೆ. ಬಾಟಲಿ ತುದಿಯ ಹಲಗೆಯ ಮೇಲೆ ಧೂಳು ತಿನ್ನುತ್ತ ಕುಳಿತಿತ್ತು.

ಬಡಗಣ ಗುಡ್ಡಕ್ಕೆ ಸುರಂಗ ಹೊಡೆಯುವ ಕೆಲಸ ಬಂದಾಗ ಓಣಿಯ ಗಂಡಸರು ಹೆಚ್ಚುಕಡಿಮೆ ಎಲ್ಲ ಹೊರಟರು. ಕೊರೆಯಲು ಶುರು ಮಾಡುವುದು ಗುಡ್ಡದ ಆಚೆಯಿಂದ. ಕೊರೆಯುತ್ತ ಕೊರೆಯುತ್ತ ನಮ್ಮೂರಿನ ಕಡೆ ಬೆಳಕು ಕಂಡಾಗಲೇ ಮನೆಗೆ ಬರುವುದು ಎಂದು ಮಾತಾಗಿತ್ತು. ಹೋಗುವ ಮುಂಚೆ ಒಬ್ಬೊಬ್ಬರೂ ಬಂದು ನನ್ನ ಕ್ಯಾಮರಾ ಮುಂದೆ ನಿಂತರು. ಬಾಳವ್ವಕ್ಕನ ಮಗ ಬಸಲಿಂಗ ಇನ್ನೊಬ್ಬರ ಕೋಟು ಹಾಕಿಕೊಂಡು ಬಂದು, ತೋಳು ಉದ್ದವಾಗಿದ್ದರಿಂದ ಕೈ ಹಿಂದೆ ಕಟ್ಟಿಕೊಂಡಿದ್ದ. ಎಲ್ಲರ ಗಾಜಿನ ನೆಗೆಟಿವ್‌ಗಳು ಈಗಲೂ ನನ್ನ ಪೆಟ್ಟಿಗೆಯಲ್ಲಿವೆ.

ಸುರಂಗ ಎಲ್ಲಿಯವರೆಗೆ ಬಂತು ಎಂದು ಆಗಾಗ ಫೋಟೋ ತೆಗೆದು ಮೇಲಿನವರಿಗೆ ತೋರಿಸಲು ಕೆಲಸ ಮಾಡಿಸುವವರಿಗೆ ಒಬ್ಬರು ಬೇಕಾಗಿದ್ದರು. ನನಗೆ ಉಬ್ಬಸ. ನನ್ನಿಂದ ಕ್ಯಾಮರಾ ಕಲಿತಿದ್ದ ಅನಸಿ ತನ್ನ ಬಟ್ಟೆ ಕಟ್ಟಿಕೊಂಡಳು.

‘ಅಷ್ಟು ಗಂಡಸರ ನಡುವ ನೀ ಒಬ್ಬಾಕಿ ಹೋಗ್ತೀಯೇನು?’ ಎಂದೆ.

‘ಎಲ್ಲಾರೂ ನಮ್ಮ ಓಣಿಯವರ ಅಲ್ಲೇನಪ್ಪಾ? ನನ್ನ ಎತ್ತಿ ಆಡಿಸಿದವರು ಅರ್ಧ ಮಂದಿ, ನಾ ಕಲ್ಲು ಹೊಡದವರು ಅರ್ಧ ಮಂದಿ.’

ಆಕೆಯ ಪಟ ತೆಗೆದೆ. ಗದ್ದ ಮೇಲೆತ್ತಿ, ಜಡೆಯನ್ನು ಮುಂದೆ ಹಾಕಿಕೊಂಡು, ಏನು ಕೇಳುತ್ತೀ ಕೇಳು ಎನ್ನುವ ಹಾಗೆ ನಿಂತಿದ್ದಳು. ಪ್ರಿಂಟು ಒಣಗಿದ ಮೇಲೆ ತಾನೇ ಕಟ್ಟು ಹಾಕಿ ನನ್ನ ಕುರ್ಚಿಯ ಎದುರಿಗೆ ಮೊಳೆ ಹೊಡೆದಳು.

‘ಅಪ್ಪಾ, ಆ ನಿನ್ನ ಮಾಮಾನ ಬಾಟ್ಲಿ ತೊಗೊಂಡು ಇದನ್ನ ಕುರುಡ ಮಾಡಿ ಆರಾಮ ಮಲಗಬ್ಯಾಡ ಮತ್ತ. ನನಗ ಏನಾರ ಆದ್ರ ನಿನಗ ತಿಳೀಬೇಕು. ತಿಳದ ಮ್ಯಾಲ ಬಣ್ಣ ಚೊಲೋ ಕಟ್ಟು, ಅವ್ವಗ ಕಟ್ಟಿದಂಗ. ಓಣಿ ಮಂದಿ ಎಲ್ಲಾ ಬರಬೇಕು.’

‘ಹೊಂಟ ಹೊತ್ತಿನ್ಯಾಗ ಎಂಥಾ ಮಾತಾಡ್ತೀ? ಬಾಯಿ ಮುಚ್ಚು,’ ಎಂದೆ. ನಕ್ಕಳು. ಮಗಳು ನನಗೆ ಹೇಳಿ ಹೋದ ಕಡೆಯ ಮಾತು ಅದೇ.

ಅವರು ಹೋದ ಮೇಲೆ ದಿನವೂ ಗುಡ್ಡದ ಕಡೆಯಿಂದ ನೆಲ ಗುಂ ಎನ್ನುತ್ತಿತ್ತು. ಅಟ್ಟದ ಮೇಲಿನ ತಟ್ಟೆಗಳು ನಡುಗುತ್ತಿದ್ದವು. ‘ನಮ್ಮವರು ಬಾರ್ ಹಚ್ಚಿದ್ರು’ ಎಂದು ಹೆಂಗಸರು ಹೇಳಿಕೊಂಡು ರೊಟ್ಟಿ ತಟ್ಟುತ್ತಿದ್ದರು. ಮದ್ದು ಸಿಡಿದ ಸದ್ದು ಬಂದಾಗಲೆಲ್ಲ ಗೋಡೆಯ ಕಡೆ ಒಂದು ನೋಟ.

ಬಾಳವ್ವಕ್ಕನ ಸೊಸೆ ತುಂಗವ್ವ ಒಂದು ದಿನ ಹಿತ್ತಲ ಬಾಗಿಲಿನಿಂದ ಬಂದಳು. ಸೆರಗಿನೊಳಗೆ ಬಸಲಿಂಗನ ಪಟ.

‘ಕಾಕಾರ, ಇದನ್ನ ಕುರುಡ ಮಾಡಿಕೊಡ್ರಿ.’

‘ತಲಿ ಗಿಲಿ ಕೆಟ್ಟೈತೇನವ್ವ ನಿನಗ?’

‘ಕೆಡಾಕತ್ತೈತ್ರಿ, ಅದಕ್ಕ ಬಂದೀನಿ. ಬೆಳಗಾತಂದ್ರ ಅತ್ತಿ ಕಣ್ಣು ಮುಚ್ಚಿಕೊಂಡು ಗ್ವಾಡಿ ಮುಂದ ನಿಂದರ್ತಾಳ. ನೀ ಮೊದಲ ನೋಡು ಅಂತಾಳ. ನಾ ನೋಡಿ, ಕರಿ ಐತಿ ಅತ್ತಿ, ಅಂದ ಮ್ಯಾಲ ಕಣ್ಣು ತೆರೀತಾಳ. ಯಾವತ್ತರ ಒಂದಿನ ನಾ ನೋಡಿ ಸುಮ್ಮನ ನಿಂತೆ ಅಂದ್ರ ಅಲ್ಲೇ ಆಕಿ ಜೀವ ಹೋಗ್ತೈತಿ. ದಿನಾ ಮುಂಜಾನಿ ಇಬ್ಬರನ್ನೂ ಸಾಯಿಸಿ ಬದುಕಿಸಿ ಸಾಕಾಗೈತ್ರಿ ನನಗ.’

‘ನಾಳೆ ಬಸಲಿಂಗಗ ಏನಾರ ಆದ್ರ ನಿನಗ ತಿಳಿಯೂದಿಲ್ಲವ್ವ.’

‘ತಿಳಿಯೂದು ಬ್ಯಾಡಂತನ ಬಂದೀನ್ರಿ.’

ನಾನು ಆಗುವುದಿಲ್ಲ ಎಂದೆ. ಆಕೆ ಹೋಗಲಿಲ್ಲ, ಅಳಲೂ ಇಲ್ಲ. ಟ್ರೇಗಳ ಪಕ್ಕದಲ್ಲಿ ಕಾಲು ಮಡಚಿ ಕುಳಿತು, ನನ್ನ ಮುಖವನ್ನೇ ನೋಡುತ್ತ ಇದ್ದಳು. ಮದುವೆಯಾಗಿ ಬಂದಾಗ ಆ ಕಣ್ಣಿನ ಕೆಳಗೆ ಅಂಥ ಗುಂಡಿ ಇರಲಿಲ್ಲ, ನಾನೇ ಪಟ ತೆಗೆದವನು, ನನಗೆ ಗೊತ್ತು. ನಾನು ಎದ್ದು ಬಾಟಲಿಯ ಧೂಳು ಒರೆಸಿದೆ.

ಸೆಲೆನಿಯಂ ಗಂಧಕದ ಹಾಗೆ ನಾರುವುದಿಲ್ಲ. ಮೂಗು ಚುರ್ ಎನ್ನುತ್ತದೆ, ಅಷ್ಟೇ. ನೆನೆಸಿದ ಪಟವನ್ನು ಅದರಲ್ಲಿ ಇಳಿಸಿ ಟ್ರೇಯನ್ನು ಅಲುಗಿಸುತ್ತ ನಿಂತೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಕೂದಲಿನ ಕಪ್ಪು ಒಳಗೊಳಗೆ ಇಳಿಯತೊಡಗಿತು. ಹುಬ್ಬು ಗಟ್ಟಿಯಾಯಿತು, ಕಣ್ಣಿನ ಬೊಂಬೆಗೆ ಹೊಳಪು ಬಂತು, ಎರವಿನ ಕೋಟಿನ ಗುಂಡಿಗಳ ಕೆಳಗೆ ಕೂಡ ನೆರಳು ನಿಂತಿತು. ನನ್ನ ಆಯುಷ್ಯದಲ್ಲಿ ಅಂಥ ಪ್ರಿಂಟು ನನ್ನ ಕೈಯಿಂದ ಬಂದಿರಲಿಲ್ಲ. ಖುಷಿಯಾಯಿತು ಎಂದು ಹೇಳಲು ಈಗ ನಾಚಿಕೆ.

ಮರುದಿನ ಬಾಳವ್ವಕ್ಕ ಪಟವನ್ನು ಎದೆಗವುಚಿಕೊಂಡು ರಸ್ತೆ ದಾಟಿ ಬಂದಳು. ಗಾಜು ಒರೆಸಿದ್ದೇನೆ ಎಂದು ಸೊಸೆ ಹೇಳಿದ್ದಳಂತೆ.

‘ನಿಜಗುಣೀ, ನೋಡೋ, ಮಗ ಮೈ ತುಂಬ್ಯಾನ! ಮಾರಿ ಮ್ಯಾಲ ಕಳಾ ಬಂದೈತಿ. ಅಲ್ಲೆ ಊಟ ಚೊಲೋ ಕೊಡ್ತಾರ ಕಾಣಸ್ತೈತಿ.’

‘ಹೌದಕ್ಕ,’ ಎಂದೆ. ‘ತುಂಬ್ಯಾನ.’

ಆಕೆ ಓಣಿಯ ಮನೆಮನೆಗೂ ಹೋಗಿ ತೋರಿಸಿದಳು. ಓಣಿಯವರೇನು ಕುರುಡರೇ? ನೋಡಿದ ಕೂಡಲೇ ಎಲ್ಲರಿಗೂ ತಿಳಿಯಿತು. ಹೋ ಎಂದು ಗಲಾಟೆ ಎಬ್ಬಿಸುತ್ತಾರೆ, ನನ್ನ ಸ್ಟುಡಿಯೋಗೆ ಬೀಗ ಬೀಳುತ್ತದೆ ಎಂದು ಹೆದರಿದೆ. ಹಾಗೇನೂ ಆಗಲಿಲ್ಲ. ಸಂಜೆಯ ಹೊತ್ತಿಗೆ ಹಿತ್ತಲ ಬಾಗಿಲು ತಟ್ಟಿದವನು ಗಟಾರ ಸ್ವಚ್ಛ ಮಾಡಿಸುವ ಮುಕದಮ ಯಂಕಪ್ಪ. ಅವನ ತಮ್ಮ ಸುರಂಗದಲ್ಲಿದ್ದ.

‘ಕಾಕಾರ, ನಮ್ಮ ಹುಡುಗನ ಪಟಕ್ಕೂ ಒಂದೀಟು ಎಣ್ಣಿ ಹಚ್ಚಿಕೊಡ್ರಿ,’ ಎಂದ.

ಎಣ್ಣೆ! ಅವತ್ತಿನಿಂದ ಅದಕ್ಕೆ ಅದೇ ಹೆಸರಾಯಿತು. ಕುರುಡು ಪಟ ಎನ್ನುವ ಮಾತು ಊರಿನ ಬಾಯಿಂದಲೇ ಹೋಯಿತು. ಪಟಕ್ಕೆ ಎಣ್ಣೆ ಹಚ್ಚಿಸಿಕೊಂಡು ಬಂದೆವು, ನಿಮ್ಮದಕ್ಕೆ ಹಚ್ಚಿಸಿದಿರಾ, ನಮ್ಮವರದು ಎಷ್ಟು ಚೆನ್ನಾಗಿ ಕುಡಿಯಿತು ನೋಡಿ. ಮೊದಮೊದಲು ಹಿತ್ತಲಿನಿಂದ ಬಂದವರು ಆಮೇಲೆ ಮುಂಬಾಗಿಲಿನಿಂದಲೇ ಬಂದರು. ಓಣಿಯ ಗೋಡೆಗಳೆಲ್ಲ ಚೆಂದವಾದವು. ಯಾವ ಮನೆಗೆ ಹೋದರೂ ತುಂಬಿದ ಕಪ್ಪಿನಲ್ಲಿ ಗಂಡಸರು ಹೊಳೆಯುತ್ತಿದ್ದರು. ಹೆಂಗಸರಿಗೆ ನಿದ್ದೆ ಬಂತು. ಎದ್ದ ಕೂಡಲೇ ಗೋಡೆ ನೋಡುವುದು ಬಿಟ್ಟು ನೇರ ಒಲೆಯ ಮುಂದೆ ಕುಳಿತರು. ತುಂಗವ್ವನ ಕಣ್ಣಿನ ಗುಂಡಿ ತುಂಬಿಕೊಂಡಿತು. ರಸ್ತೆಯಲ್ಲಿ ಎದುರಾದರೆ ಮೊದಲಿನ ಹಾಗೆಯೇ ‘ಕರಿ ಅದಾರ?’ ‘ಕರಿ ಅದಾರ್ರಿ.’ ಉತ್ತರ ಮಾತ್ರ ಪ್ರಶ್ನೆ ಮುಗಿಯುವ ಮುಂಚೆಯೇ ಬರುತ್ತಿತ್ತು.

ಸುರಂಗಕ್ಕೆ ಹೋದವರಲ್ಲಿ ಎಣ್ಣೆ ಕಾಣದೆ ಉಳಿದ ಪಟ ಒಂದೇ, ನನ್ನ ಅನಸಿಯದು.

ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಸ್ಟುಡಿಯೋದಲ್ಲಿ ಕೆಲಸವಿಲ್ಲದವರೂ ಬರತೊಡಗಿದರು. ಕಡ್ಡಿಪೆಟ್ಟಿಗೆ ಇದೆಯಾ ಎಂದು ಒಬ್ಬಳು, ಗಂಟೆ ಎಷ್ಟು ಎಂದು ಇನ್ನೊಬ್ಬಳು. ಬಂದವರ ಕಣ್ಣು ನನ್ನನ್ನು ಬಿಟ್ಟು ಒಮ್ಮೆ ಗೋಡೆಗೆ ಹೋಗುತ್ತಿತ್ತು. ನೋಡಿ, ಉಸಿರು ಬಿಟ್ಟು ಹೊರಟುಹೋಗುತ್ತಿದ್ದರು. ಬಾಳವ್ವಕ್ಕನಂತೂ ತನ್ನ ಕಟ್ಟೆಯ ಮೇಲೆ ಕುಳಿತು ಅಲ್ಲಿಂದಲೇ ಕತ್ತು ಚಾಚುತ್ತಿದ್ದಳು. ನನಗೆ ಕೆಟ್ಟ ಸಿಟ್ಟು ಬರುತ್ತಿತ್ತು. ತಮ್ಮವರ ಕಣ್ಣನ್ನೆಲ್ಲ ನನ್ನ ಕೈಯಿಂದಲೇ ಕಟ್ಟಿಸಿಕೊಂಡು, ಈಗ ಎಲ್ಲರ ಪರವಾಗಿ ನನ್ನ ಮಗಳೊಬ್ಬಳು ಕಣ್ಣು ಬಿಟ್ಟುಕೊಂಡು ನಿಲ್ಲಬೇಕೇ? ಎಷ್ಟೋ ಸಲ ಮೊಳೆಯಿಂದ ಪಟ ಇಳಿಸಿ ಬಾಟಲಿಯ ತನಕ ಹೋಗಿದ್ದೇನೆ. ಆರಾಮ ಮಲಗಬ್ಯಾಡ ಎಂದು ಹೇಳಿ ಹೋಗಿದ್ದಾಳೆ. ಮತ್ತೆ ಮೊಳೆಗೆ ಹಾಕುತ್ತಿದ್ದೆ.

ಅವತ್ತು ಬೆಳಿಗ್ಗೆ ನಾನು ಕುರ್ಚಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದೆ. ನೆಲ ಗುಂ ಎಂದಿತು. ಎಂದಿನ ಹಾಗಲ್ಲ. ಸದ್ದು ಬಂದದ್ದು ನಿಲ್ಲಲಿಲ್ಲ, ಉರುಳುತ್ತ ಉರುಳುತ್ತ ಹೋಯಿತು. ಬಸಿಯಿಂದ ಚಹಾ ತುಳುಕಿತು. ಅಭ್ಯಾಸದಂತೆ ತಲೆ ಎತ್ತಿ ನೋಡಿದೆ. ಅನಸಿ ಕರಿಯಾಗಿಯೇ ಇದ್ದಳು. ಸದ್ಯ ಎಂದುಕೊಂಡು ಚೆಲ್ಲಿದ ಚಹಾ ಒರೆಸಿ ಮತ್ತೆ ನೋಡಿದೆ. ಜಡೆಯ ತುದಿಯಲ್ಲಿ ಶುರುವಾಗಿತ್ತು. ನಾನು ನೋಡುತ್ತಿದ್ದಂತೆಯೇ ಅದು ಜಡೆ ಹತ್ತಿ ಕುತ್ತಿಗೆಗೆ ಬಂತು. ಓಡಿ ಹೋಗಿ ಗಾಜಿನ ಮೇಲೆ ಅಂಗೈ ಒತ್ತಿ ಹಿಡಿದೆ, ಅಂಗೈಗೆ ನಿಲ್ಲುವುದೇ ಅದು? ಕೈ ತೆಗೆದಾಗ ಕೆನ್ನೆಯೂ ಹೋಗಿತ್ತು. ನನ್ನ ಮಗಳು ಸತ್ತಳು. ಕೂಗಲು ಬಾಯಿ ತೆರೆದೆ. ಎದುರುಮನೆಯ ಬಾಗಿಲು ತೆರೆದಿತ್ತು. ಬಾಳವ್ವಕ್ಕ ಕಟ್ಟೆಯ ಮೇಲೆ ಕುಳಿತು ಮೆಂತ್ಯೆಸೊಪ್ಪು ಸೋಸುತ್ತ, ಏನೋ ಗುನುಗುತ್ತಿದ್ದಳು. ನಾನು ಒಮ್ಮೆ ಕೂಗಿದರೆ ಅದು ನನ್ನ ಮಗಳೊಬ್ಬಳ ಸುದ್ದಿಯಾಗಿ ಉಳಿಯುವುದಿಲ್ಲ, ಓಣಿಯ ಎಲ್ಲ ಮನೆಗಳ ಸುದ್ದಿಯಾಗುತ್ತದೆ. ಬಾಯಿ ಮುಚ್ಚಿಕೊಂಡೆ. ಕಟ್ಟು ಬಿಚ್ಚಿ ಪಟವನ್ನು ಒಳಗೆ ಒಯ್ದು, ನೀರಿನ ಟ್ರೇಯಲ್ಲಿ ಮುಖ ಕೆಳಗಾಗಿ ಮುಳುಗಿಸಿದೆ.

ಯಂಕಪ್ಪ ಬಂದ. ‘ಇವತ್ತ ಬಾರ್ ಭಾಳ ಜೋರ್ ಹಚ್ಚಿದ್ರಲ್ರಿ,’ ಎನ್ನುತ್ತ ಗೋಡೆ ನೋಡಿದ. ಬರೀ ಮೊಳೆ.

‘ಅನಸಕ್ಕನ ಪಟ?’

‘ಬೂಸು ಹಿಡದಿತ್ತು. ತೊಳ್ಯಾಕ ಹಾಕೀನಿ.’

ಅವನು ಸ್ವಲ್ಪ ಹೊತ್ತು ಮೊಳೆಯನ್ನೇ ನೋಡಿದ. ‘ತೊಳೀರಿ, ತೊಳೀರಿ. ಅವಸರ ಮಾಡಬ್ಯಾಡ್ರಿ,’ ಎಂದು ಕೂರದೆಯೇ ಹೊರಟುಹೋದ.

ನನಗೆ ಇನ್ನೂ ಒಂದು ಆಸೆ ಇತ್ತು. ಹಾಳಾದ ಕಾಗದದ ದೋಷವಿರಬಹುದು, ಅವತ್ತು ನೀರು ಸಾಲದೆ ಸರಿಯಾಗಿ ತೊಳೆಯದ ಪ್ರಿಂಟು ಇರಬಹುದು. ಆಕೆಯ ನೆಗೆಟಿವ್ ತೆಗೆದು, ಡಾರ್ಕ್‌ರೂಮಿನ ಬಾಗಿಲು ಹಾಕಿಕೊಂಡು ಹೊಸ ಪ್ರಿಂಟು ಮಾಡಿದೆ. ಬಿಳಿ ಕಾಗದದ ಮೇಲೆ ಮೊದಲು ಜಡೆ ಬಂತು, ಆಮೇಲೆ ಗದ್ದ, ಆಮೇಲೆ ಆ ಕಣ್ಣು. ಕರಿಯಾಗಿ ಬಂದಳು. ಅಲ್ಲೇ ಗೋಡೆಗೆ ಒರಗಿ ದೇವರ ಹೆಸರು ಹೇಳಿದೆ. ಆದರೆ ಇಷ್ಟು ವರ್ಷ ಈ ಕೆಲಸ ಮಾಡಿದವನಿಗೆ ಗೊತ್ತಿರಲೇಬೇಕು, ಕೆಂಪು ದೀಪದಲ್ಲಿ ಎಲ್ಲವೂ ಕರಿಯಾಗಿಯೇ ಕಾಣುತ್ತದೆ. ಗೊತ್ತಿದ್ದೂ ಬಹಳ ಹೊತ್ತು ಹೊರಗೆ ಬರಲಿಲ್ಲ. ಚಿತ್ರ ನಿಲ್ಲಿಸುವ ಹೈಪೋ ದ್ರಾವಣದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಬಿಟ್ಟೆ, ಅಲುಗಿಸಿದೆ, ಆಕೆಯ ಜೊತೆ ಏನೇನೋ ಮಾತಾಡಿದೆ, ಉಂಡೆಯಾ ಎಂದು ಕೂಡ ಕೇಳಿದೆ. ಕಡೆಗೆ ಬಾಗಿಲು ತೆಗೆದು ಬಿಸಿಲಿಗೆ ಹಿಡಿದೆ. ಹೊಸ ಕಾಗದದಲ್ಲೂ ಅದೇ ಮಣ್ಣು.

ಸತ್ತವಳು ಆಕೆಯೊಬ್ಬಳೇ ಇರಬಹುದು, ಜ್ವರ ಬಂದಿರಬಹುದು, ಹಾವು ಕಚ್ಚಿರಬಹುದು ಎಂದು ಓಣಿಯವರಿಗಾಗಿ ನಾನೇ ಲೆಕ್ಕ ಹಾಕಿದೆ. ಬಸಲಿಂಗನ ಗಾಜನ್ನು ಪೆಟ್ಟಿಗೆಯಿಂದ ತೆಗೆದೆ. ಕಿಟಕಿಗೆ ಹಿಡಿದರೆ ಬಿಳಿ ಕೂದಲು, ಕಪ್ಪು ಮುಖ, ಬಿಳಿ ಕೋಟು. ಅದರಿಂದ ಒಂದು ಹೊಸ ಪ್ರಿಂಟು ತೆಗೆದರೆ ಸಾಕಿತ್ತು, ತಿಳಿದುಹೋಗುತ್ತಿತ್ತು. ಗಾಜನ್ನು ಒರೆಸಿ ಪೆಟ್ಟಿಗೆಯಲ್ಲಿ ಅದರ ಜಾಗಕ್ಕೆ ಇಟ್ಟೆ. ನನಗೂ ಧೈರ್ಯವಾಗಲಿಲ್ಲ.

ಅವತ್ತಿನಿಂದ ಗುಡ್ಡದ ಕಡೆಯ ಸದ್ದು ನಿಂತಿತು. ತಟ್ಟೆಗಳು ಅಟ್ಟದ ಮೇಲೆ ಸುಮ್ಮನೆ ಕುಳಿತವು. ‘ಹಬ್ಬ ಬಂತಲ್ಲ, ಸೂಟಿ ಕೊಟ್ಟಿರಬೇಕು’ ಎಂದು ನಳದ ಹತ್ತಿರ ಒಬ್ಬಳು ಹೇಳಿದಳಂತೆ, ‘ಕಲ್ಲು ಮುಗದು ಮೆತ್ತನ ಮಣ್ಣು ಹತ್ತಿರಬೇಕು, ಈಗ ಸದ್ದಿಲ್ದ ಅಗೀತಾರ’ ಎಂದು ಇನ್ನೊಬ್ಬಳು. ಯಾವ ಹಬ್ಬ ಎಂದು ಯಾರೂ ಕೇಳಲಿಲ್ಲ. ಸ್ಟುಡಿಯೋಗೆ ಕಡ್ಡಿಪೆಟ್ಟಿಗೆ ಕೇಳಲು ಬರುತ್ತಿದ್ದವರೂ ಬರುವುದನ್ನು ಬಿಟ್ಟರು. ರಸ್ತೆಯಲ್ಲಿ ಸಿಕ್ಕರೆ ಮಾತ್ರ, ಪಟ ತೊಳೆದಾಯಿತೇ ಎಂದು ಕೇಳುತ್ತಿದ್ದರು. ಇನ್ನೂ ಇಲ್ಲ ಎಂದರೆ ಅವರ ಮುಖ ಅರಳುತ್ತಿತ್ತು. ‘ಚೊಲೋತ್ನಂಗ ತೊಳೀರಿ ಕಾಕಾರ,’ ಎನ್ನುತ್ತಿದ್ದರು. ಬಾಳವ್ವಕ್ಕ ಒಂದು ದಿನ ತಟ್ಟೆಯಲ್ಲಿ ಹುಗ್ಗಿ ತಂದುಕೊಟ್ಟಳು. ನಾನು ಉಣ್ಣುವುದನ್ನು ನೋಡುತ್ತ ಕುಳಿತಿದ್ದವಳು, ‘ನೀರಾಗ ಐತೇನೋ ಇನ್ನೂ?’ ಎಂದಳು.

‘ಐತಕ್ಕ.’

‘ಇರಲಿ,’ ಎಂದಳು.

ಮಗಳು ಸತ್ತ ಮನೆಯಲ್ಲಿ ಕುಳಿತು ಬೆಲ್ಲದ ಹುಗ್ಗಿ ಉಂಡವನು ನಾನು. ಅಳು ಬಂದರೆ ಡಾರ್ಕ್‌ರೂಮಿಗೆ ಹೋಗಿ, ನಳ ಜೋರಾಗಿ ಬಿಟ್ಟುಕೊಂಡು ಅಳುತ್ತಿದ್ದೆ. ಹೊರಗೆ ಬಂದು ಮುಖ ಒರೆಸಿಕೊಂಡು ‘ಕರಿ ಅದಾರ್ರಿ’ ಎನ್ನುತ್ತಿದ್ದೆ. ಇಡೀ ಊರಿನ ಸುಖ ನನ್ನ ಒಂದು ಬಾಯಿಯ ಮೇಲೆ ನಿಂತಿತ್ತು.

ಆದರೆ ಪಟ ಎಷ್ಟು ದಿನ ನೀರಿನಲ್ಲಿ ಇದ್ದೀತು? ನೀರು ಬದಲಿಸುವಾಗ ಒಂದು ದಿನ ನೋಡುತ್ತೇನೆ, ಮೂಲೆಯಲ್ಲಿ ಕಾಗದದ ಮೇಲಿನ ಪೊರೆ ಊದಿ ಏಳುತ್ತಿದೆ. ಇನ್ನೆರಡು ದಿನ ಬಿಟ್ಟರೆ ಆ ಪೊರೆಯೇ ಕಳಚಿಕೊಳ್ಳುತ್ತದೆ, ಅದರ ಜೊತೆಗೆ ಮುಖವೂ. ಹೊರಗೆ ತೆಗೆದು ಒಣಗಿಸಿ ಮುಚ್ಚಿಡಬಹುದಿತ್ತು. ಹಾಗಾದರೆ ಆಕೆ ಅರೆಗಪ್ಪು ಅರೆಮಣ್ಣಾಗಿ, ಅತ್ತಲೂ ಇಲ್ಲದೆ ಇತ್ತಲೂ ಇಲ್ಲದೆ, ನನ್ನ ಪೆಟ್ಟಿಗೆಯ ತಳದಲ್ಲಿ ಕೊಳೆಯಬೇಕು. ಅವ್ವಗ ಕಟ್ಟಿದಂಗ ಕಟ್ಟು, ಓಣಿ ಮಂದಿ ಎಲ್ಲಾ ಬರಬೇಕು ಎಂದಿದ್ದಳು. ಬೇಡಿದ್ದು ಅದೊಂದನ್ನೇ. ಊರಿಗೆ ತಿಳಿದರೆ ತಿಳಿಯಲಿ, ಎಂದಾದರೂ ತಿಳಿಯಲೇಬೇಕು, ಎಲ್ಲರೂ ಸೇರಿ ಒಮ್ಮೆ ಅತ್ತುಬಿಡೋಣ ಎಂದು ಗಟ್ಟಿಮಾಡಿಕೊಂಡೆ.

ನಡು ಮಧ್ಯಾಹ್ನ. ಬಾಗಿಲಿನ ಎರಡೂ ಕದ ತೆರೆದೆ, ಓಣಿಯ ಕಡೆಯ ಕಿಟಕಿ ತೆರೆದೆ. ಟ್ರೇಗಳನ್ನು ಹೊಸ್ತಿಲ ಹತ್ತಿರವೇ ಸಾಲಾಗಿ ಇಟ್ಟೆ. ಬ್ಲೀಚಿನಲ್ಲಿ ಅನಸಿಯ ಉಳಿದ ಕಪ್ಪು ಹೋಯಿತು. ಕೂದಲು ಹೋಯಿತು, ಕಣ್ಣು ಹೋಯಿತು, ಹಾಲಿನ ಕೆನೆಯಷ್ಟು ತೆಳ್ಳಗೆ ಒಂದು ಗದ್ದದ ಗೆರೆ ಮಾತ್ರ ಉಳಿಯಿತು. ಎಷ್ಟೋ ಜನರ ಮಕ್ಕಳನ್ನು ನಾನು ಹೀಗೆ ಅಳಿಸಿದ್ದೇನೆ, ಅವರ ತಂದೆತಾಯಿ ಯಾಕೆ ಆ ಹೊತ್ತಿಗೆ ಮುಖ ತಿರುಗಿಸುತ್ತಿದ್ದರು ಎಂದು ಅವತ್ತು ತಿಳಿಯಿತು. ಗಂಧಕದ ನೀರಿಗೆ ಹಾಕಿದೆ. ನಾತ ಭುಗ್ಗೆಂದು ಎದ್ದು ಬಾಗಿಲಿನಿಂದ ಹೊರಗೆ ಹೋಯಿತು. ಮಗಳು ಬಂದಳು. ಆ ಜಡೆ, ಆ ಗದ್ದ, ಏನು ಕೇಳುತ್ತೀ ಕೇಳು ಎನ್ನುವ ಆ ನೋಟ, ಎಲ್ಲ ಬಂತು. ಬಾಟಲಿಯ ತಳದಲ್ಲಿದ್ದ ಚಿನ್ನದ ನೀರನ್ನೆಲ್ಲ ಆಕೆಗೇ ಸುರಿದೆ. ಕೆನ್ನೆಗೆ ಕೆಂಪು ಹತ್ತಿತು. ಇಷ್ಟು ಆಳ, ಇಷ್ಟು ಬಣ್ಣ ಆಕೆಯ ತಾಯಿಗೂ ಕಟ್ಟಿರಲಿಲ್ಲ.

ಪಟವನ್ನು ತೊಳೆಯುವ ದೊಡ್ಡ ಟ್ರೇಯಲ್ಲಿ ಮಲಗಿಸಿ ಹೊಸ್ತಿಲಲ್ಲಿ ನಿಂತೆ. ನಳದ ಕಡೆಯಿಂದ ಕೊಡಗಳ ಸದ್ದು ಕೇಳಿತು. ಒಂದು, ಆಮೇಲೆ ಮತ್ತೊಂದು, ಆಮೇಲೆ ಓಣಿ ತುಂಬ. ಅಂತೂ ಬಂದರು, ಇನ್ನು ಅಳಬಹುದು ಎಂದುಕೊಂಡೆ.

ಎಲ್ಲರಿಗಿಂತ ಮುಂದೆ ಯಂಕಪ್ಪ ಇದ್ದ. ಕೈಯಲ್ಲಿ ಪೊರಕೆ, ಕಂಕುಳಲ್ಲಿ ಬ್ಲೀಚಿಂಗ್ ಪೌಡರಿನ ಡಬ್ಬಿ. ನನ್ನ ಟ್ರೇಯ ಕಡೆ ಅವನು ನೋಡಲೇ ಇಲ್ಲ.

‘ಗಟಾರ ನಾರಾಕತ್ತೈತ್ರಿ ಕಾಕಾರ,’ ಎಂದ. ‘ಎಲ್ಲೋ ಕಟ್ಟಿಕೊಂಡೈತಿ.’

ಬಗ್ಗಿ ನನ್ನ ಬಾಗಿಲ ಮುಂದಿನ ಗಟಾರಕ್ಕೆ ಪುಡಿ ಎರಚಿದ. ಹಿಂದಿನಿಂದ ಬಂದವಳು ಕೊಡ ಬಗ್ಗಿಸಿ ನೀರನ್ನು ಗಟಾರಕ್ಕೆ ಸುರಿದಳು. ಅವಳ ಹಿಂದಿನವಳೂ ಸುರಿದಳು. ‘ಹೌದವ್ವ, ಮುಂಜಾನಿಂದನ ಬರಾಕತ್ತಿತ್ತು ನಾತ.’ ‘ಬಿಸಲಿಗೆ ಹಿಂಗ ಆಗ್ತೈತಿ.’ ‘ಇನ್ನೊಂದೆರಡು ಕೊಡ ಹಾಕಿದ್ರ ಹೋಗ್ತೈತಿ ಬಿಡ.’ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು. ಈ ಊರಿನಲ್ಲಿ ಹುಟ್ಟಿ ಬೆಳೆದವರು, ಆ ನಾತಕ್ಕೆ ಮೂಗು ಮುಚ್ಚಿಕೊಂಡಿದ್ದರು. ತುಂಗವ್ವ ತಲೆ ಎತ್ತಲಿಲ್ಲ. ಅವಳು ಸುರಿಯುವಾಗ ಬಳೆ ಕೊಡಕ್ಕೆ ತಾಗಿ ಗಿಲಗಿಲ ಎನ್ನುತ್ತಿತ್ತು.

ಕಡೆಗೆ ಬಾಳವ್ವಕ್ಕ ಬಂದಳು. ಕಟ್ಟೆಯಿಂದ ಇಳಿದು, ಟೊಂಕದ ಮೇಲೆ ಕೊಡ ಇಟ್ಟುಕೊಂಡು, ನಿಧಾನವಾಗಿ ರಸ್ತೆ ದಾಟಿ ನೇರ ನನ್ನ ಹೊಸ್ತಿಲಿಗೇ ಬಂದಳು. ಆಕೆಯೊಬ್ಬಳು ಮೂಗು ಮುಚ್ಚಿಕೊಂಡಿರಲಿಲ್ಲ. ಟ್ರೇಯನ್ನು ನೋಡಿದಳು. ಅನಸಿಯನ್ನು ನೋಡಿದಳು, ಬಹಳ ಹೊತ್ತು ನೋಡಿದಳು. ಕೊಡದ ಬಾಯಿ ಟ್ರೇಯ ಕಡೆ ಒಂದಿಷ್ಟು ವಾಲಿತು. ಆಮೇಲೆ ನೆಟ್ಟಗಾಯಿತು.

‘ನಿಜಗುಣೀ,’ ಎಂದಳು. ‘ಮನ್ಯಾಗ ಎಲ್ಲಾರೂ ಕರಿ ಅದಾರಲ್ಲೋ?’

ಆಕೆಯ ಹಿಂದೆ ಓಣಿಯ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ನಿಂತಿದ್ದರು. ಎದುರುಮನೆಯ ತೆರೆದ ಬಾಗಿಲಿನೊಳಗೆ ಬಸಲಿಂಗನ ಪಟ ಕಾಣುತ್ತಿತ್ತು, ಎರವಿನ ಕೋಟಿನಲ್ಲಿ ಮೈ ತುಂಬಿಕೊಂಡು ಹೊಳೆಯುತ್ತಿದ್ದ. ಮುದುಕಿಯ ಕಣ್ಣು ನನ್ನ ಬಾಯಿಯ ಮೇಲೇ ಇತ್ತು. ಇಲ್ಲ ಅನಬ್ಯಾಡ ಎಂದು ಅದು ಬೇಡುತ್ತಿತ್ತು.

‘ಕರಿ ಅದಾರಕ್ಕ,’ ಎಂದೆ.

ಆಕೆ ತಲೆಯಾಡಿಸಿದಳು. ತಿರುಗಿ, ತನ್ನ ಕೊಡವನ್ನೂ ಗಟಾರಕ್ಕೆ ಸುರಿದಳು. ಪುಡಿಯ ನೀರು ಬೆಳ್ಳಗೆ ನನ್ನ ಮೆಟ್ಟಿಲ ಪಕ್ಕದಿಂದ ಹರಿದು ಹೋಯಿತು. ಒಬ್ಬೊಬ್ಬರಾಗಿ ಎಲ್ಲರೂ ಮನೆಗೆ ಹೋದರು.

ನಾನು ಬಾಗಿಲು ಹಾಕಿಕೊಂಡು ಒಳಗೆ ಬಂದು, ನಳದ ಕೆಳಗೆ ಕುಳಿತು, ಮಗಳನ್ನು ಒಬ್ಬನೇ ತೊಳೆದೆ.